ಸ್ಕೋಪಿನ ಕ್ರಾಸ್‌ಹೇರ್ ನಡುವಿಗೆ ತರುವ ಕೆಲಸ

ಒಂದು ಏರ್ ರೈಫಲ್‌ನಿಂದ ಬಿಚ್ಚಿದ ಸ್ಕೋಪನ್ನು (ಗುರಿ ನೋಡುವ ದುರ್ಬೀನು) ಇನ್ನೊಂದಕ್ಕೆ ಕೂರಿಸುವ ಮೊದಲು ಅದರ ಕ್ರಾಸ್‌ಹೇರನ್ನು, ಅಂದರೆ ಒಳಗೆ ಕಾಣುವ ಅಡ್ಡ-ಉದ್ದದ ಗುರಿ ಗೆರೆಗಳನ್ನು, ನಡುವಿಗೆ ತಂದುಕೊಳ್ಳುತ್ತೇನೆ. ಈ ಸಲ ಮೇಜಿನ ಮೇಲಿದ್ದದ್ದು 3-9x40 ಸ್ಕೋಪ್, ಅಂದರೆ 3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಲೆನ್ಸ್ 40 ಮಿ.ಮೀ. ಇರುವಂಥದ್ದು. ಒಂದು ಇಂಚಿನ, ಅಂದರೆ 25.4 ಮಿ.ಮೀ. ಟ್ಯೂಬ್, ಮುಂದಿನ ಲೆನ್ಸಿನ ಸುತ್ತ ದೂರ ಹೊಂದಿಸುವ ಎಒ ಬಳೆ, ಒಂದು ಕ್ಲಿಕ್‌ಗೆ ಕಾಲು ಎಂಒಎ. ಅದು ಹೋಗಿ ಕೂರಬೇಕಾದ್ದು .177 ಬೋರಿನ, ನಳಿಗೆ ಮಡಚಿ ಪೆಲೆಟ್ ಹಾಕುವ ಸ್ಪ್ರಿಂಗ್ ರೈಫಲ್ ಮೇಲೆ. ಹಿಂದಿನ ರೈಫಲ್‌ನಲ್ಲಿ ಎಲಿವೇಶನ್ ಟರೆಟ್ (ಗುರಿಯನ್ನು ಮೇಲೆ-ಕೆಳಗೆ ಹೊಂದಿಸುವ ತಿರುಪು) ಮೇಲಕ್ಕೆ ತಿರುಗಿಸಿ ತಿರುಗಿಸಿ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು, ವಿಂಡೇಜ್ (ಎಡ-ಬಲ ಹೊಂದಿಸುವ ತಿರುಪು) ಎಡಕ್ಕೆ ವಾಲಿತ್ತು. ಹಾಗೇ ಎತ್ತಿ ಹೊಸದಕ್ಕೆ ಹಾಕಿದರೆ ಹಳೆಯ ರೈಫಲ್‌ನ ಡೊಂಕೂ ಜೊತೆಗೇ ಬರುತ್ತದೆ.

ಎಂಒಎ ಲೆಕ್ಕ ಮುಂದೆ ಪದೇ ಪದೇ ಬರುವುದರಿಂದ ಮೊದಲೇ ಹೇಳಿಬಿಡುತ್ತೇನೆ. ಒಂದು ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. 100 ಮೀಟರ್ ದೂರದಲ್ಲಿ ಅದು 29 ಮಿ.ಮೀ., 10 ಮೀಟರ್‌ನಲ್ಲಿ 2.9 ಮಿ.ಮೀ. ಕಾಲು ಎಂಒಎ ಕ್ಲಿಕ್ ಒಂದಕ್ಕೆ 10 ಮೀಟರ್‌ನಲ್ಲಿ ಗೆರೆ ಕದಲುವುದು 0.73 ಮಿ.ಮೀ. ಮಾತ್ರ.

ಸ್ಕೋಪಿನ ಒಳಗೆ ಇನ್ನೊಂದು ಸಣ್ಣ ಟ್ಯೂಬ್ ಇದೆ. ತಲೆಕೆಳಗಾದ ಚಿತ್ರವನ್ನು ನೆಟ್ಟಗೆ ಮಾಡುವ ಲೆನ್ಸುಗಳು ಇರುವುದು ಅದರಲ್ಲಿ. ಅದರ ಹಿಂದಿನ ತುದಿ ಕೀಲಿನ ಮೇಲೆ ನಿಂತಿರುತ್ತದೆ, ಮುಂದಿನ ತುದಿ ಅತ್ತಿತ್ತ ಆಡುತ್ತದೆ. ಮೇಲಿನಿಂದ ಎಲಿವೇಶನ್ ಸ್ಕ್ರೂ, ಬಲಗಡೆಯಿಂದ ವಿಂಡೇಜ್ ಸ್ಕ್ರೂ ಅದನ್ನು ಒತ್ತುತ್ತವೆ. ಎದುರು ಮೂಲೆಯಲ್ಲಿ, ಅಂದರೆ ಕೆಳಗೆ ಎಡಗಡೆ, ಒಂದು ಸ್ಪ್ರಿಂಗ್ ಅದನ್ನು ಸ್ಕ್ರೂಗಳ ಕಡೆಗೆ ತಳ್ಳುತ್ತಿರುತ್ತದೆ. ಟರೆಟ್‌ನ ಹಲ್ಲುಗಳು ಕರಾರುವಾಕ್ಕಾಗಿದ್ದರೂ ಒಳಟ್ಯೂಬನ್ನು ಜಾಗದಲ್ಲಿ ಹಿಡಿದಿಡುವುದು ಈ ಸ್ಪ್ರಿಂಗ್ ಒಂದೇ. ಟರೆಟ್ಟನ್ನು ಮೇಲಕ್ಕೆ ತಿರುಗಿಸಿದಷ್ಟೂ ಸ್ಕ್ರೂ ಹಿಂದೆ ಸರಿಯುತ್ತದೆ, ಸ್ಪ್ರಿಂಗ್ ಹಿಗ್ಗುತ್ತದೆ, ಒತ್ತಡ ಇಳಿಯುತ್ತದೆ. ಸ್ಪ್ರಿಂಗ್ ರೈಫಲ್ ಮೊದಲು ಹಿಂದಕ್ಕೆ ಒದ್ದು, ಪಿಸ್ಟನ್ ಹೋಗಿ ಬಡಿದ ಕೂಡಲೇ ಮುಂದಕ್ಕೂ ಒದೆಯುತ್ತದೆ. ಸಡಿಲವಾದ ಸ್ಪ್ರಿಂಗ್ ಇದನ್ನು ತಾಳುವುದಿಲ್ಲ. ಒಳಟ್ಯೂಬ್ ಪ್ರತಿ ಈಡಿಗೂ ಒಂದೊಂದು ಕಡೆ ಹೋಗಿ ನಿಲ್ಲುತ್ತದೆ. "ಸ್ಕೋಪ್ ಝೀರೋ ನಿಲ್ತಾ ಇಲ್ಲ", ಅಂದರೆ ಗುರಿಯಿಟ್ಟಲ್ಲೇ ಪೆಲೆಟ್ ಬೀಳುವಂತೆ ಮಾಡಿದ ಹೊಂದಿಕೆ ತಪ್ಪುತ್ತಿದೆ ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದು, ಕೆಟ್ಟ ಸ್ಕೋಪ್ ಅಲ್ಲ.

ಇನ್ನೊಂದು ತೊಂದರೆ ಜಾಗದ್ದು. ಹೊರಟ್ಯೂಬ್ ದುಂಡಗಿದೆ, ಒಳಟ್ಯೂಬ್ ಆಡುವುದೂ ಒಂದು ವೃತ್ತದೊಳಗೆ. ವಿಂಡೇಜನ್ನು ನಡುವಿನಿಂದ ಅಂಚಿನವರೆಗಿನ ಹಾದಿಯ ಶೇ. 80ರಷ್ಟು ಪಕ್ಕಕ್ಕೆ ಒಯ್ದರೆ ಎಲಿವೇಶನ್‌ಗೆ ಉಳಿಯುವುದು ಶೇ. 60 ಮಾತ್ರ, 3-4-5ರ ತ್ರಿಕೋನದ ಲೆಕ್ಕ. ಆದ್ದರಿಂದ ಒಂದು ಟರೆಟ್ ಅಂಚಿನಲ್ಲಿ ಇರುವಾಗ ಇನ್ನೊಂದರ ಹಾದಿಯನ್ನು ಎಣಿಸಿ ಅರ್ಧ ಮಾಡಿದರೆ ಸಿಗುವ ಸಂಖ್ಯೆಯನ್ನು ನಂಬುವಂತಿಲ್ಲ.

ಕೆಲಸಕ್ಕೆ ಕೂರುವ ಮುಂಚೆ ಸ್ಕೋಪನ್ನು ರೈಫಲ್‌ನಿಂದ ಪೂರ್ತಿ ಬಿಚ್ಚಬೇಕು. ನಳಿಗೆ ಖಾಲಿ ಇದೆಯೇ ನೋಡಿ ರೈಫಲನ್ನು ಬೇರೆ ಕೋಣೆಯಲ್ಲಿಟ್ಟರೆ ಇನ್ನೂ ಒಳ್ಳೆಯದು. ಟ್ಯೂಬಿನ ಮೇಲೆ ಹಳೆಯ ರಿಂಗಿನ (ಸ್ಕೋಪನ್ನು ರೈಫಲ್ ಮೇಲೆ ಹಿಡಿದಿಡುವ ಬಳೆ) ಟೇಪ್, ಅಂಟು ಉಳಿದಿದ್ದರೆ ಸ್ಪಿರಿಟ್ಟಿನಲ್ಲಿ ಒರೆಸಿ ತೆಗೆಯಿರಿ. ಮುಂದೆ ಸ್ಕೋಪನ್ನು ಉರುಳಿಸುವಾಗ ಆ ಅಂಟು ಅಡ್ಡ ಬರುತ್ತದೆ. ಮಲೆನಾಡು, ಕೊಡಗಿನ ಮಳೆಗಾಲ ಕಂಡ ಸ್ಕೋಪಾದರೆ ಲೆನ್ಸಿನ ಅಂಚಿನಲ್ಲಿ ಬೂಷ್ಟು ಹಿಡಿದಿದೆಯೇ ಎಂದು ಟಾರ್ಚ್ ಹಿಡಿದು ನೋಡಲು ಇದೇ ಸಮಯ. ಆಮೇಲೆ ಬಿಳಿ ಗೋಡೆಯತ್ತ ಹಿಡಿದು, ಕಣ್ಣಿನ ಕಡೆಯ ಬಳೆ ತಿರುಗಿಸಿ ಕ್ರಾಸ್‌ಹೇರ್ ಚೂಪಾಗಿ ಕಾಣುವಂತೆ ಮಾಡಿಕೊಳ್ಳಬೇಕು. ಕಿಟಕಿಯಾಚೆ ನೋಡುವಾಗ ಸೂರ್ಯನತ್ತ ಸ್ಕೋಪ್ ತಿರುಗಿಸುವ ಮಾತೇ ಬೇಡ, ಕಣ್ಣು ಹೋಗುತ್ತದೆ. ಪಕ್ಕದ ಮನೆಯ ಕಿಟಕಿಯತ್ತಲೂ ಬೇಡ. ಬರೀ ಸ್ಕೋಪ್ ಅಂತ ಅವರಿಗೇನು ಗೊತ್ತು?

ಮೊದಲ ಸುತ್ತು ಎಣಿಕೆಯದು. ವಿಂಡೇಜನ್ನು ಕಣ್ಣಂದಾಜಿನಲ್ಲಿ ಮಧ್ಯಕ್ಕೆ ತಂದು, ಎಲಿವೇಶನ್ನನ್ನು ಒಂದು ತುದಿಗೆ ಒಯ್ಯಬೇಕು. ತುದಿ ಬಂತು ಅನ್ನಿಸಿದ ಮೇಲೆ ಬಲ ಹಾಕಬಾರದು. ಕೆಳತುದಿಯಲ್ಲಿ ಸ್ಕ್ರೂ ಒಳಟ್ಯೂಬನ್ನು ಗೋಡೆಗೆ ಒತ್ತಿ ನಿಲ್ಲಿಸಿರುತ್ತದೆ. ಅಲ್ಲಿ ಬೆರಳಿನ ಜೋರು ತೋರಿಸಿದರೆ ಹಿತ್ತಾಳೆಯ ಸಣ್ಣ ಮರೆ (ಸ್ಕ್ರೂವಿನ ಸುತ್ತುಗೆರೆ) ಹಾಳಾಗುತ್ತದೆ. ಮೇಲ್ತುದಿಯಲ್ಲಿ ತೊಂದರೆ ಬೇರೆ. ಸ್ಕ್ರೂ ಒಳಟ್ಯೂಬನ್ನು ಬಿಟ್ಟು ಹಿಂದೆ ಬಂದರೂ ಕ್ಲಿಕ್ ಸದ್ದು ಬರುತ್ತಲೇ ಇರುತ್ತದೆ, ಗೆರೆ ಮಾತ್ರ ಕದಲುವುದಿಲ್ಲ. ಕಿವಿಯನ್ನು ನಂಬಿ ಎಣಿಸಿದರೆ ಈ ಸತ್ತ ಕ್ಲಿಕ್ಕುಗಳೂ ಲೆಕ್ಕಕ್ಕೆ ಸೇರಿ ನಡು ತಪ್ಪುತ್ತದೆ. ಸ್ಕೋಪನ್ನು ದಿಂಬಿನ ಮೇಲೆ ಅಲ್ಲಾಡದಂತೆ ಇಟ್ಟು, ಒಳಗೆ ನೋಡುತ್ತಾ, ಗೆರೆ ನಿಂತಲ್ಲಿಗೆ ಎಣಿಕೆ ನಿಲ್ಲಿಸಬೇಕು. ಒಂದು ಇಂಚಿನ ಟ್ಯೂಬಿನಲ್ಲಿ 60 ಎಂಒಎ ಹಾದಿ ಸಾಮಾನ್ಯ. ಅಂದರೆ 240 ಕ್ಲಿಕ್, ಅರ್ಧ 120. ಎಲಿವೇಶನ್ ಅರ್ಧಕ್ಕೆ ತಂದು ವಿಂಡೇಜ್ ಎಣಿಸಿ ಅರ್ಧ ಮಾಡಿ, ಮತ್ತೆ ಎಲಿವೇಶನ್ ಎಣಿಸಬೇಕು. ಎರಡನೇ ಸಲದ ಸಂಖ್ಯೆ ಮೊದಲಿಗಿಂತ ಹೆಚ್ಚು ಬಂದರೆ ಅಚ್ಚರಿಯಿಲ್ಲ, ವೃತ್ತದ ಅಗಲವಾದ ಜಾಗ ಈಗ ಸಿಕ್ಕಿದೆ ಅಷ್ಟೇ.

ಇಲ್ಲಿಗೆ ಸಿಕ್ಕಿದ್ದು ಸ್ಕ್ರೂಗಳ ನಡು. ಸ್ಕ್ರೂ ಎರಡೂ ಕಡೆ ಸಮಾನವಾಗಿ ಓಡಬೇಕೆಂಬ ನಿಯಮವೇನೂ ಇಲ್ಲ, ಹಾಗಾಗಿ ಟ್ಯೂಬಿನ ನಡು ಇದರಿಂದ ಕೆಲವು ಎಂಒಎ ಆಚೆಈಚೆ ಇರಬಹುದು. ಬಹಳ ಜನ ಇಲ್ಲಿಗೇ ಬಿಡುತ್ತಾರೆ. ಗುರಿ ಕಾಗದ, ದೂರ ಹತ್ತು ಮೀಟರ್ ಅನ್ನುವುದಾದರೆ ಬಿಟ್ಟರೂ ದೊಡ್ಡ ನಷ್ಟವಿಲ್ಲ.

ಎರಡನೆಯದು ಕನ್ನಡಿ. ಪವರನ್ನು 3ಕ್ಕೆ ಇಳಿಸಿ, ಎಒ ಬಳೆಯನ್ನು ಅನಂತಕ್ಕೆ ತಿರುಗಿಸಿ, ಸ್ಕೋಪಿನ ಮುಂಬಾಯಿಯನ್ನು ಮಟ್ಟಸವಾದ ಕನ್ನಡಿಗೆ ಒತ್ತಿ ಹಿಡಿಯಬೇಕು. ಕನ್ನಡಿಯನ್ನು ಮೇಜಿನ ಮೇಲೆ ಮಲಗಿಸಿ ಸ್ಕೋಪನ್ನು ಅದರ ಮೇಲೆ ನಿಲ್ಲಿಸಿ ಮೇಲಿನಿಂದ ನೋಡುವುದು ಸುಲಭ. ಒಳಗೆ ನಿಜವಾದ ಕ್ರಾಸ್‌ಹೇರ್ ಜೊತೆಗೆ ಮಸುಕಾದ ಇನ್ನೊಂದು ಕಾಣುತ್ತದೆ. ನಿಜದ ಗೆರೆಯಿಂದ ಹೊರಟ ಬೆಳಕು ಮುಂದಿನ ಲೆನ್ಸ್ ದಾಟಿ, ಕನ್ನಡಿಗೆ ಬಡಿದು, ಅದೇ ದಾರಿಯಲ್ಲಿ ಮರಳಿ ಬಂದು ಮೂಡಿಸಿದ ಬಿಂಬ ಅದು. ಎಒ ಹತ್ತಿರದ ದೂರಕ್ಕೆ ಇದ್ದರೆ ಈ ಬೆಳಕು ಸಮಾಂತರವಾಗಿ ಹೊರಡುವುದಿಲ್ಲ, ಬಿಂಬ ಕಲಸಿಹೋಗುತ್ತದೆ. ಬಿಂಬ ಕಾಣಲೇ ಇಲ್ಲವೆಂದರೆ ಬೆಳಕು ಸಾಲದು ಎಂದರ್ಥ. ಮುಂಬಾಯಿ ಮುಚ್ಚಿರುವುದರಿಂದ ಬೆಳಕು ಒಳಗೆ ಹೋಗಬೇಕಾದ್ದು ಕಣ್ಣಿನ ಕಡೆಯಿಂದ. ಕಣ್ಣನ್ನು ತುಸು ಹಿಂದಿಟ್ಟು, ಪಕ್ಕದಿಂದ ಟಾರ್ಚನ್ನು ಓರೆಯಾಗಿ ಹಿಡಿದರೆ ಬಿಂಬ ಎದ್ದು ಬರುತ್ತದೆ.

ಟರೆಟ್ ತಿರುಗಿಸಿದಾಗ ನಿಜದ ಗೆರೆ ಒಂದು ಕಡೆ, ಬಿಂಬ ಅದರ ಎದುರು ಕಡೆಗೆ ಅಷ್ಟೇ ದೂರ ಸರಿಯುತ್ತದೆ. ಅಂತರ 10 ಎಂಒಎ ಕಂಡರೆ ನಿಜವಾದ ತಪ್ಪು 5 ಮಾತ್ರ. ಎರಡೂ ಒಂದರ ಮೇಲೊಂದು ಕೂತು ಒಂದೇ ಗೆರೆಯಾದಾಗ ಕೆಲಸ ಆಯಿತು. ಐದು ನಿಮಿಷದ ಕೆಲಸವಾದ್ದರಿಂದ ಇದನ್ನು ಹೊಗಳುವವರು ಬಹಳ.

ನನಗೆ ಇದರ ಮೇಲೆ ಅರೆನಂಬಿಕೆ, ಕಾರಣ ಅಳತೆಯ ಆಧಾರ. ಈ ವಿಧಾನ "ನಡು" ಎಂದು ತೋರಿಸುವುದು ಮುಂಬಾಯಿಯ ಅಂಚಿಗೆ ಲಂಬವಾದ ದಿಕ್ಕನ್ನು. ಅಂಚಿನ ಹೊರವ್ಯಾಸ 50 ಮಿ.ಮೀ. ಎಂದುಕೊಳ್ಳಿ. ಅದರ ಒಂದು ಬದಿಯ ಕೆಳಗೆ 0.1 ಮಿ.ಮೀ. ಮರಳಿನ ಕಣ ಸಿಕ್ಕಿದರೆ ಸ್ಕೋಪ್ ಸುಮಾರು 7 ಎಂಒಎ ವಾಲಿತು, ನಡುವೂ 7 ಎಂಒಎ ತಪ್ಪಿತು. ಬರೆಯುವ ಕಾಗದದ ಒಂದು ಹಾಳೆಯ ದಪ್ಪವೇ 0.1 ಮಿ.ಮೀ. ಎಒ ಸ್ಕೋಪಿನಲ್ಲಿ ಮುಂಬಾಯಿಯೇ ತಿರುಗುವ ಬಿಡಿಭಾಗ, ಮರೆಯಲ್ಲಿ ತುಸು ಆಟ ಇದ್ದೇ ಇರುತ್ತದೆ. ಪರೀಕ್ಷೆ ಸರಳ: ಗೆರೆಗಳು ಕೂಡಿದ ಮೇಲೆ ಕನ್ನಡಿ ಕದಲಿಸದೆ ಸ್ಕೋಪನ್ನು ಅದರ ಮೇಲೇ ಅರ್ಧ ಸುತ್ತು ತಿರುಗಿಸಿ. ಕೂಡಿದ್ದು ಬಿಟ್ಟುಕೊಂಡರೆ ಕನ್ನಡಿಯ ಮೇಲೆ ಕಸವಿದೆ. ಒರೆಸಿ ಮತ್ತೆ ನೋಡಿ. ಆದರೆ ಅಂಚೇ ಓರೆಯಾಗಿದ್ದರೆ ಅದು ಸ್ಕೋಪಿನ ಜೊತೆಗೇ ತಿರುಗುತ್ತದೆ, ಆ ತಪ್ಪನ್ನು ಕನ್ನಡಿ ಎಂದೂ ತೋರಿಸುವುದಿಲ್ಲ.

ರೈಫಲ್‌ನ ರಿಂಗುಗಳು ಹಿಡಿಯುವುದು ಮುಂಬಾಯಿಯನ್ನಲ್ಲ, ಟ್ಯೂಬನ್ನು. ಹಾಗಾಗಿ ಬೇಕಾದ ನಡು ಟ್ಯೂಬಿನ ಹೊರಮೈಗೆ ಹೋಲಿಸಿದ್ದು. ಅದನ್ನು ನೇರವಾಗಿ ಅಳೆಯುವ ವಿಧಾನ ಒಂದೇ, ಟ್ಯೂಬನ್ನು ವಿ ಆಕಾರದ ಕಚ್ಚಿನಲ್ಲಿ ಮಲಗಿಸಿ ಉರುಳಿಸುವುದು.

ಬಡಗಿಯ ಹತ್ತಿರ ಬಿದ್ದಿರುವ 12 ಮಿ.ಮೀ. ಪ್ಲೈವುಡ್ ತುಂಡುಗಳು ಸಾಕು. ಎರಡು ತುಂಡು, ಪ್ರತಿಯೊಂದೂ 70-80 ಮಿ.ಮೀ. ಎತ್ತರ, ಮೇಲೆ 90 ಡಿಗ್ರಿಯ ವಿ ಕಚ್ಚು. ಎರಡನ್ನೂ ಒಂದು ಹಲಗೆಗೆ ಸ್ಕ್ರೂ ಹೊಡೆದು ನಿಲ್ಲಿಸಬೇಕು. ಟರೆಟ್ ಪೀಠದ ಮುಂದೊಂದು, ಹಿಂದೊಂದು, ಎರಡೂ ಟ್ಯೂಬಿನ ನೇರ ಭಾಗದಲ್ಲೇ ಬರುವಂತೆ. ಈ ಅಳತೆಯ ಸ್ಕೋಪಿಗೆ ಸುಮಾರು 10 ಸೆಂ.ಮೀ. ಅಂತರ. ಎತ್ತರ ಅಷ್ಟು ಬೇಕಾದ್ದು ಯಾಕೆಂದರೆ ಸ್ಕೋಪ್ ಮಗುಚಿದಾಗ ಟರೆಟ್‌ಗಳು ಹಲಗೆಗೆ ತಾಗಬಾರದು. ರಟ್ಟಿನ ಡಬ್ಬದಲ್ಲಿ ಕಚ್ಚು ಕೊಯ್ದೂ ಮಾಡಬಹುದು, ಆದರೆ ರಟ್ಟಿನ ಅಂಚು ನಾಲ್ಕು ಸಲ ಉರುಳಿಸುವಷ್ಟರಲ್ಲಿ ಜಜ್ಜಿ ಕೆಳಗಿಳಿಯುತ್ತದೆ. ಕಚ್ಚು ಎರಡೂ ಒಂದೇ ಅಳತೆಗೆ ಇರಬೇಕೆಂದೇನೂ ಇಲ್ಲ. ದುಂಡನೆಯ ಟ್ಯೂಬ್ ಕಚ್ಚಿನಲ್ಲಿ ಎಲ್ಲೇ ಕೂತರೂ ತಿರುಗುವುದು ತನ್ನ ಅಕ್ಷದ ಸುತ್ತಲೇ. ಹಲಗೆ ಮಾತ್ರ ಕದಲಬಾರದು. ಸಿ-ಕ್ಲಾಂಪ್ ಹಾಕಿ, ಇಲ್ಲವೇ ಎರಡು ಇಟ್ಟಿಗೆ ಹೇರಿ.

ಗುರಿಗೆ ಒಂದು ಮಿ.ಮೀ. ಚೌಕಗಳ ಗ್ರಾಫ್ ಹಾಳೆ. ಹಜಾರದಲ್ಲಿ ಹತ್ತು ಮೀಟರ್ ಉದ್ದ ಸಿಗದಿದ್ದರೆ ತಾರಸಿಯ ಮೇಲೆ ಈ ತುದಿಯಿಂದ ಆ ತುದಿಗೆ ಸಿಗುತ್ತದೆ. ಎಒ ಬಳೆಯನ್ನು ಆ ದೂರಕ್ಕೆ ತಿರುಗಿಸಿ ಹಾಳೆ ಚೂಪಾಗಿ ಕಾಣುವಂತೆ ಮಾಡಿ, ಆಮೇಲೆ ಬಳೆಯನ್ನು ಮುಟ್ಟಬೇಡಿ. ಅಗ್ಗದ ಸ್ಕೋಪುಗಳಲ್ಲಿ ಬಳೆ ತಿರುಗಿಸಿದರೇ ಗೆರೆ ಸರಿಯುವುದುಂಟು.

ಟರೆಟ್ ಮೇಲ್ಮುಖವಾಗಿರುವಾಗ ಕ್ರಾಸ್‌ಹೇರ್ ಎಲ್ಲಿ ಬಿತ್ತೋ ಅದನ್ನು ಸೊನ್ನೆ ಎಂದು ಹಾಳೆಯಲ್ಲಿ ಗುರುತು ಹಾಕಿಸಿ. ಹಾಳೆಯ ಬಳಿ ಒಬ್ಬರು ನಿಂತಿದ್ದರೆ ಕೆಲಸ ಬೇಗ. ಸ್ಕೋಪನ್ನು ಕಚ್ಚಿನಲ್ಲೇ ಅರ್ಧ ಸುತ್ತು ಉರುಳಿಸಿ ಟರೆಟ್ ಕೆಳಕ್ಕೆ ಮಾಡಿ. ಗೆರೆ ಈಗ ಸೊನ್ನೆಯಿಂದ 14 ಮಿ.ಮೀ. ಬಲಕ್ಕೆ, 22 ಮಿ.ಮೀ. ಕೆಳಕ್ಕೆ ಬಿತ್ತು ಎಂದುಕೊಳ್ಳಿ. ಟ್ಯೂಬಿನ ನಿಜವಾದ ನಡು ಇವೆರಡರ ಮಧ್ಯೆ, ಅಂದರೆ 7 ಬಲಕ್ಕೆ, 11 ಕೆಳಕ್ಕೆ. ಸ್ಕೋಪನ್ನು ಮತ್ತೆ ನೆಟ್ಟಗೆ ಮಾಡಿ ಆ ಬಿಂದುವಿಗೆ ಗೆರೆಯನ್ನು ತರಬೇಕು. 11ನ್ನು 0.73ರಿಂದ ಭಾಗಿಸಿದರೆ 15 ಕ್ಲಿಕ್. 7ಕ್ಕೆ ಹತ್ತು ಕ್ಲಿಕ್.

ಯಾವ ಕಡೆಗೆ ಅನ್ನುವಲ್ಲಿ ಎಲ್ಲರೂ ಒಮ್ಮೆ ತಡವರಿಸುತ್ತಾರೆ. ಟರೆಟ್ ಮೇಲಿನ ಬಾಣದ ಗುರುತು ಹೇಳುವುದು ಪೆಲೆಟ್ ಬೀಳುವ ಜಾಗ ಎತ್ತ ಸರಿಯುತ್ತದೆ ಎಂದು. ಗೆರೆ ಸರಿಯುವುದು ಅದಕ್ಕೆ ಉಲ್ಟಾ. ಗೆರೆ ಕೆಳಕ್ಕೆ ಬರಬೇಕಾದರೆ ಟರೆಟ್ "ಅಪ್" ಕಡೆಗೆ, ಗೆರೆ ಬಲಕ್ಕೆ ಬರಬೇಕಾದರೆ "ಎಲ್" ಕಡೆಗೆ. ಸ್ಕೋಪ್ ಮಗುಚಿರುವಾಗ ಟರೆಟ್ ತಿರುಗಿಸಲು ಹೋದರೆ ಇದೂ ತಿರುಗುಮುರುಗಾಗಿ ತಲೆ ಕೆಡುತ್ತದೆ, ಅದಕ್ಕೇ ಪ್ರತಿ ಸಲ ನೆಟ್ಟಗೆ ಮಾಡಿಕೊಂಡೇ ತಿರುಗಿಸುವುದು.

ಇಷ್ಟಾದ ಮೇಲೆ ಕಾಲು ಕಾಲು ಸುತ್ತಿಗೆ ನಿಲ್ಲಿಸಿ ನಾಲ್ಕೂ ಕಡೆ ನೋಡಬೇಕು. ಗೆರೆಗಳು ಕೂಡುವ ಬಿಂದು ಒಂದು ಸಣ್ಣ ವೃತ್ತ ಸುತ್ತುತ್ತಿರುತ್ತದೆ. ಅದರ ಅಡ್ಡಳತೆ 3 ಮಿ.ಮೀ. ಒಳಗೆ ಬಂದರೆ ತಪ್ಪು ಅರ್ಧ ಎಂಒಎಯೊಳಗೆ ಇದೆ. ನಾನು ಅದಕ್ಕೂ ಮೊದಲೇ, 2 ಎಂಒಎ ಒಳಗೆ ಬಂದ ಕೂಡಲೇ ನಿಲ್ಲಿಸಿಬಿಡುತ್ತೇನೆ. ಮುಂದೆ ಬರುವ ರಿಂಗು, ಅದು ಕೂರುವ ರೈಫಲ್ ಮೇಲಿನ ಹಳಿ ಇವುಗಳ ತಪ್ಪು ಇದರ ಹಲವು ಪಟ್ಟು ಇರುವಾಗ ಇಲ್ಲಿ ಕೂದಲು ಸೀಳಿ ಪ್ರಯೋಜನವಿಲ್ಲ. ಅಂದಹಾಗೆ ಈ ಸ್ಕೋಪಿನಲ್ಲಿ ಕನ್ನಡಿ ಹೇಳಿದ್ದಕ್ಕೂ ಕಚ್ಚು ಹೇಳಿದ್ದಕ್ಕೂ ತಾಳೆಯಾಗಲಿಲ್ಲ, ಎಲಿವೇಶನ್‌ನಲ್ಲಿ ವ್ಯತ್ಯಾಸ ಇತ್ತು. ಕಚ್ಚಿನ ಮಾತನ್ನೇ ಒಪ್ಪಿಕೊಂಡೆ.

ಸ್ಕೋಪ್ ಕಚ್ಚಿನಲ್ಲಿ ಇರುವಾಗಲೇ ಇನ್ನೆರಡು ಪರೀಕ್ಷೆ ಮುಗಿಸಿಕೊಳ್ಳಬಹುದು, ಪೆಲೆಟ್ ಖರ್ಚಿಲ್ಲ. ಸ್ಕೋಪನ್ನು ರಬ್ಬರ್ ಬ್ಯಾಂಡಿನಿಂದ ಕಚ್ಚಿಗೆ ಬಿಗಿದು, ಪವರ್ ಬಳೆಯನ್ನು 3ರಿಂದ 9ಕ್ಕೆ ತಿರುಗಿಸಿ. ಬಿಂದು ಗ್ರಾಫಿನ ಅದೇ ಚೌಕದಲ್ಲಿ ನಿಲ್ಲಬೇಕು. ಸರಿದರೆ ಆ ಸ್ಕೋಪನ್ನು ಯಾವಾಗಲೂ ಒಂದೇ ಪವರಿನಲ್ಲಿ ಬಳಸುವುದು ಕ್ಷೇಮ. ಆಮೇಲೆ 40 ಕ್ಲಿಕ್ ಮೇಲಕ್ಕೆ: ಗೆರೆ 29 ಮಿ.ಮೀ. ಓಡಬೇಕು. 26 ಓಡಿದರೆ ಆ ಕ್ಲಿಕ್ ಕಾಲು ಎಂಒಎ ಅಲ್ಲ, ನಿಮ್ಮ ಲೆಕ್ಕವನ್ನೇ ತಿದ್ದಿಕೊಳ್ಳಬೇಕು. 40 ಕ್ಲಿಕ್ ವಾಪಸ್ ತಂದಾಗ ಹೊರಟ ಚೌಕಕ್ಕೇ ಮರಳಬೇಕು. ಇದನ್ನೇ ಟರೆಟ್‌ನ ಮೇಲ್ತುದಿಯ ಹತ್ತಿರ ಮಾಡಿ ನೋಡಿ: ಮೊದಲ ಕೆಲವು ಕ್ಲಿಕ್ಕಿಗೆ ಗೆರೆ ಮಿಸುಕದೆ, ಟ್ಯೂಬಿಗೆ ಬೆರಳಲ್ಲಿ ತಟ್ಟಿದ ಮೇಲೆ ಒಮ್ಮೆಲೇ ಹಾರಿದರೆ ಸ್ಪ್ರಿಂಗ್ ಅಲ್ಲಿ ಸತ್ತಿದೆ ಎಂದು ಕಣ್ಣಾರೆ ಕಂಡ ಹಾಗೆ.

ಇನ್ನು ರೈಫಲ್. ನಡುವಿಗೆ ತಂದ ಸ್ಕೋಪನ್ನು ಕೂರಿಸಿ ಈಡು ಬಿಟ್ಟರೆ ಪೆಲೆಟ್ ಗುರಿಗಿಂತ ಬಹಳ ಕೆಳಗೆ ಬೀಳುತ್ತದೆ. ಇಲ್ಲಿ ಬಹಳ ಜನ "ನಡು ಮಾಡಿದ್ದೇ ತಪ್ಪಾಯ್ತು" ಎಂದು ಟರೆಟ್ಟಿಗೆ ಕೈ ಹಾಕುತ್ತಾರೆ. ಲೆಕ್ಕ ನೋಡಿ. ಸ್ಕೋಪಿನ ಅಕ್ಷ ನಳಿಗೆಯ ಅಕ್ಷದಿಂದ 45 ಮಿ.ಮೀ. ಮೇಲಿದೆ. ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟ ಪೆಲೆಟ್ ಹತ್ತು ಮೀಟರ್ ಹೋಗುವಷ್ಟರಲ್ಲಿ ಸುಮಾರು 12 ಮಿ.ಮೀ. ಇಳಿಯುತ್ತದೆ. ಎರಡೂ ಅಕ್ಷ ಸಮಾಂತರವಾಗಿದ್ದರೂ ಪೆಲೆಟ್ ಬೀಳುವುದು 57 ಮಿ.ಮೀ. ಕೆಳಗೆ, ಅಂದರೆ 20 ಎಂಒಎ. 25 ಮೀಟರ್‌ಗೆ ಝೀರೋ ಮಾಡಿದರೂ 18ರ ಆಸುಪಾಸು ಬೇಕೇ ಬೇಕು. ನಡುವಿನಿಂದ ಮೇಲಕ್ಕೆ ಇರುವುದು 30 ಎಂಒಎ. ಅದರಲ್ಲಿ ಮೂರನೇ ಎರಡು ಭಾಗ ಹೀಗೇ ಖರ್ಚು. ಮಡಚುವ ನಳಿಗೆಯ ರೈಫಲ್‌ಗಳಲ್ಲಿ ನಳಿಗೆಯ ಮೂತಿ ಕೆಳಕ್ಕೆ ಬಾಗಿ ನಿಲ್ಲುವ ಚಾಳಿಯೂ ಸೇರಿದರೆ ಟರೆಟ್ ಮತ್ತೆ ತುದಿ ಮುಟ್ಟುತ್ತದೆ, ಹಳೆಯ ರೈಫಲ್ ಮೇಲೆ ಇದೇ ಸ್ಕೋಪಿಗೆ ಆದ ಹಾಗೆ. ಈ 20 ಎಂಒಎಯನ್ನು ಹೊರಬೇಕಾದ್ದು ಮೌಂಟ್ (ಸ್ಕೋಪನ್ನು ರೈಫಲ್‌ಗೆ ಕೂರಿಸುವ ರಿಂಗುಗಳ ಹಿಡಿಕೆ), ಟರೆಟ್ ಅಲ್ಲ.

ರಿಂಗುಗಳ ನಡುವೆ 100 ಮಿ.ಮೀ. ಅಂತರ ಇದ್ದರೆ ಹಿಂದಿನ ರಿಂಗಿನಲ್ಲಿ ಟ್ಯೂಬಿನ ಅಡಿಗೆ ಇಟ್ಟ 0.1 ಮಿ.ಮೀ. ಪಟ್ಟಿ 3.4 ಎಂಒಎ ಕೊಡುತ್ತದೆ. ತಂಪು ಪಾನೀಯದ ಅಲ್ಯೂಮಿನಿಯಂ ಕ್ಯಾನಿನ ಗೋಡೆ ಹೆಚ್ಚುಕಡಿಮೆ ಅಷ್ಟೇ ದಪ್ಪ. ಹಳೆಯ ಎಕ್ಸ್‌-ರೇ ಫಿಲ್ಮ್ 0.18ರ ಹತ್ತಿರ, ಅದು ಟ್ಯೂಬಿಗೆ ಗೀರೂ ಹಾಕುವುದಿಲ್ಲ. 20 ಎಂಒಎ ಪೂರ್ತಿ ಪಟ್ಟಿಯಲ್ಲೇ ತೆಗೆಯಬೇಕೆಂದರೆ 0.58 ಮಿ.ಮೀ. ಬೇಕು. ಮಾಮೂಲಿ ರಿಂಗಿನಲ್ಲಿ ಅಷ್ಟು ತುರುಕಿದರೆ ರಿಂಗಿನ ಅಂಚು ಟ್ಯೂಬನ್ನು ಕಚ್ಚುತ್ತದೆ, ಟ್ಯೂಬೇ ಬಾಗುತ್ತದೆ. ಬಾಗಿದ ಟ್ಯೂಬಿನೊಳಗೆ ಇಷ್ಟು ಹೊತ್ತು ಹುಡುಕಿದ ನಡುವಿಗೆ ಅರ್ಥವಿಲ್ಲ. ಫಿಲ್ಮಿನ ಒಂದು ಪಟ್ಟಿ ಹಾಕಿ 6 ಎಂಒಎ ಗಳಿಸಿ, ಉಳಿದ 14ನ್ನು ಟರೆಟ್ಟಿನಲ್ಲಿ ತೆಗೆದರೆ ಸ್ಪ್ರಿಂಗ್ ಇನ್ನೂ ಬಿಗಿಯಾಗೇ ಇರುತ್ತದೆ. ಈ ರೈಫಲ್‌ಗೆ ಮಾಡಿದ್ದು ಹಾಗೆ. ಮೂತಿ ಜಾಸ್ತಿ ಬಾಗಿದ್ದರೆ ಎತ್ತರ ಹೊಂದಿಸುವ ಮೌಂಟ್ ಅಥವಾ ಹಿಂದಕ್ಕೆ ಎತ್ತರವಾಗಿ ಕಡೆದ ಒಂದೇ ತುಂಡಿನ ಮೌಂಟ್ ಕೊಳ್ಳುವುದೇ ಸರಿ.

ಪಕ್ಕದ ತಪ್ಪಿಗೆ ಪಟ್ಟಿ ಬೇಡ. 11 ಮಿ.ಮೀ. ಡವ್‌ಟೇಲ್ (ರೈಫಲ್ ಮೇಲಿನ ಹಳಿ) ಮೇಲೆ ಕೂರುವ ಎರಡು ತುಂಡಿನ ರಿಂಗಾದರೆ ಒಂದು ರಿಂಗನ್ನು ಹಿಂದುಮುಂದು ಮಾಡಿ ಹಾಕಿ ನೋಡಿ, ಇಲ್ಲವೇ ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ. ಎರಡು ರಿಂಗಿನ ತಪ್ಪುಗಳು ಕೂಡುವ ಬದಲು ಒಂದನ್ನೊಂದು ಕಳೆಯುವ ಜೋಡಣೆ ಅದರಲ್ಲಿ ಒಂದಿರುತ್ತದೆ. ಮೌಂಟಿನ ಅಡಿಯ ತಡೆ ಪಿನ್ ರೈಫಲ್ ಮೇಲಿನ ತೂತಿಗೆ ಇಳಿದಿರಬೇಕು, ಇಲ್ಲದಿದ್ದರೆ ಒದೆತಕ್ಕೆ ಮೌಂಟ್ ತೆವಳುತ್ತಾ ಹಿಂದೆ ಬರುತ್ತದೆ.

ರಿಂಗಿನ ಮೇಲಿನ ಸ್ಕ್ರೂಗಳನ್ನು ಕರ್ಣದ ಕ್ರಮದಲ್ಲಿ ಸ್ವಲ್ಪ ಸ್ವಲ್ಪ ಬಿಗಿಯುತ್ತಾ, ಎರಡೂ ಬದಿಯ ಸಂದು ಸಮ ಇರುವಂತೆ ನೋಡಿಕೊಳ್ಳಬೇಕು. ಪೂರ್ತಿ ಬಿಗಿಯುವ ಮುಂಚೆ ಎದುರಿಗೆ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು, ರೈಫಲ್ ಮಟ್ಟವಾಗಿರುವಾಗ ಉದ್ದಗೆರೆ ಆ ದಾರದ ಮೇಲೆ ಕೂರುವಂತೆ ಸ್ಕೋಪನ್ನು ತಿರುಗಿಸಿಕೊಳ್ಳಿ. ಬಿಗಿ 1.7ರಿಂದ 2 ನ್ಯೂಟನ್-ಮೀಟರ್ ಸಾಕು. ಟಾರ್ಕ್ ಕೀ ಇಲ್ಲದವರು ಎಲ್-ಕೀಯ ಗಿಡ್ಡ ಕಾಲನ್ನು ಎರಡು ಬೆರಳಲ್ಲಿ ಹಿಡಿದು ಬಿಗಿಯಲಿ, ಉದ್ದ ಕಾಲು ಹಿಡಿದರೆ ಕೈಗೆ ಬಲ ಹೆಚ್ಚಾಗಿ ಟ್ಯೂಬಿನಲ್ಲಿ ತಗ್ಗು ಬೀಳುತ್ತದೆ.

ಝೀರೋ ಆದ ಮೇಲೆ ಟರೆಟ್‌ನ ಅಂಕಿ ಬಳೆಯನ್ನು ಸಡಿಲಿಸಿ ಸೊನ್ನೆಗೆ ತರುವ ಮುಂಚೆ, ನಡುವಿನಿಂದ ಎಷ್ಟು ಕ್ಲಿಕ್ ಮೇಲೆ, ಎಷ್ಟು ಪಕ್ಕಕ್ಕೆ ಬಂದಿದ್ದೀರಿ ಎಂದು ಬರೆದಿಡಿ. ಎಲಿವೇಶನ್ ನಡುವಿನಿಂದ 80 ಕ್ಲಿಕ್ ದಾಟಿದ್ದರೆ ಪಟ್ಟಿ ಸಾಲದು, ಮೌಂಟನ್ನು ಮತ್ತೆ ನೋಡಬೇಕು. ಸ್ಪ್ರಿಂಗ್ ರೈಫಲ್‌ನಲ್ಲಿ ಮೊದಲ ನೂರು ಈಡಿನೊಳಗೆ ಮೌಂಟಿನ ಸ್ಕ್ರೂ ಒಮ್ಮೆ ಸಡಿಲವಾಗಿಯೇ ಆಗುತ್ತದೆ. ಈಡುಗಳು ಬೀಳುವ ಗುಂಪು ಚದುರಿತೆಂದು ಟರೆಟ್ ಮುಟ್ಟುವ ಮುಂಚೆ ಎಲ್-ಕೀ ಹಿಡಿದು ಅವನ್ನು ನೋಡಿ.